ಸೀನು ಬಿದ್ದ ಗದ್ದೆಗೆ

ಅಕ್ಕ ಸಂಡೂರಿನಿಂದ ಹಿಂದಿನ ಸಂಜೆಯೇ ಹೊಸಪೇಟೆಗೆ, ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಇಬ್ಬರೂ ಕಂಪ್ಲಿ ಬಸ್ಸು ಹತ್ತಿದೆವು. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು; ಅದರ ಗ್ಯಾಸಿನಿಂದಲೇ ಎಂಜಿನ್ನು ಓಡಬೇಕು. ಎಷ್ಟು ಇದ್ದಿಲಿಗೆ ಎಷ್ಟು ದೂರ ಓಡುತ್ತದೆ ಎಂದು ಕ್ಲೀನರನನ್ನು ಕೇಳಿದೆ. ಇಂಥದನ್ನೆಲ್ಲ ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. "ಏರು ಬಂದಾಗ ನೀವು ಎಷ್ಟು ನೂಕ್ತೀರಿ, ಅದರ ಮ್ಯಾಲ ಐತ್ರಿ" ಎಂದ. ಮಲಪನಗುಡಿ ದಾಟುವುದರೊಳಗೇ ನೂಕಿಸಿದ.

ಅಕ್ಕ ಮಾತ್ರ ಇಳಿಯಲಿಲ್ಲ. ಮಡಿಯಲ್ಲಿ ಮಾಡಿದ ಹೋಳಿಗೆ, ಮೊಸರನ್ನದ ಡಬ್ಬಿಯನ್ನು ಯಾರೂ ಮುಟ್ಟದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಒಬ್ಬನೇ ಮಗ ಸೀನು ಮಿಲಿಟರಿಯಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದ. ಹೋದ ವರ್ಷ ಅವನ ವಿಮಾನ ಬುಕ್ಕಸಾಗರದ ಗದ್ದೆಯಲ್ಲಿ ಬಿತ್ತು. ಮಿಲಿಟರಿಯವರು ಬೂದಿ ಮಾತ್ರ ಕಳಿಸಿಕೊಟ್ಟರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ.

ವರ್ಷದ ಕರ್ಮಗಳೆಲ್ಲ ಮುಗಿದಿದ್ದವು. ಅಕ್ಕನಿಗೆ ಮುಗಿದಿರಲಿಲ್ಲ. ಕೊನೆಯ ರಜೆಗೆ ಬಂದಾಗ ಸೀನು, ಮೆಸ್ಸಿನಲ್ಲಿ ಮಾಂಸ ತಿನ್ನುತ್ತೇನೆ ಎಂದು ಅವಳೆದುರು ಬಾಯಿಬಿಟ್ಟಿದ್ದ. ಅವಳು ಅವನಿಗೆ ಹೊರಗಿನ ಪಡಸಾಲೆಯಲ್ಲಿ ಎಲೆ ಹಾಕಿಸಿ, ಅಡಿಗೆಯವನ ಕೈಲಿ ಬಡಿಸಿದ್ದಳು. ತಾನು ಎದುರಿಗೂ ಬಂದಿರಲಿಲ್ಲ.

"ಅವ ಬಿದ್ದಲ್ಲಿಗೆ ಹೋಗಿ ನಾನೇ ಬಡಸಬೇಕೋ ತಮ್ಮಾ. ಉಪವಾಸ ಹೋದ ಅನ್ನಿಸ್ತದ" ಎಂದಳು.

ಕಮಲಾಪುರ ಬಿಟ್ಟ ಮೇಲೆ ಹಂಪಿಯ ಕಡೆಯ ಗುಡ್ಡಗಳು ಕಂಡವು. ಪಕ್ಕದಲ್ಲಿ ಕೂತಿದ್ದ ಬೆಲ್ಲದ ವ್ಯಾಪಾರಿ, "ವಿಮಾನ ಕಲಿಯೋರು ಹಂಪಿ ಗೋಪುರದ ಗುರ್ತು ಹಿಡಕೊಂಡು ತಿರುಗ್ತಾರಂತ್ರಿ" ಎಂದ. ಮೇಲಿನಿಂದ ಹಂಪಿ ಹೇಗೆ ಕಾಣುತ್ತದೆ ಎಂದು ಸೀನುವನ್ನು ಒಮ್ಮೆಯೂ ನಾನು ಕೇಳಿರಲಿಲ್ಲ.

ಬುಕ್ಕಸಾಗರದಲ್ಲಿ ಇಳಿದು ವಿಚಾರಿಸಿದರೆ ವಿಮಾನ ಬಿದ್ದ ಜಾಗ ಎಲ್ಲರಿಗೂ ಗೊತ್ತು. ಗದ್ದೆಯ ಒಡತಿ ಹುಲಿಗೆವ್ವ, ಅಕ್ಕನ ವಾರಿಗೆಯವಳು, ಯಾರು ಏನು ಎಂದೂ ಕೇಳದೆ ನಮ್ಮನ್ನು ಕಾಲುವೆಯ ಪಕ್ಕದ ಬದುವಿನ ಮೇಲೆ ಕರೆದುಕೊಂಡು ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಬದುವಿನ ತುದಿಗೆ ಸುಣ್ಣ ಬಳಿದ ಒಂದು ಕಲ್ಲು. ಅದರ ಮುಂದೆ ಊದುಬತ್ತಿಯ ಕಡ್ಡಿಗಳು, ಕೋಳಿಯ ಎಲುಬು.

"ಅಮಾಸಿಗೊಮ್ಮೆ ಎಡಿ ಇಡ್ತೀವ್ರಿ" ಎಂದಳು ಹುಲಿಗೆವ್ವ. "ಯಾವ ತಾಯಿ ಮಗನೋ ಏನೋ. ಮಿಲ್ಟ್ರಿ ಮನಷ್ಯಾಗ ಬರೇ ಅನ್ನ ಹೆಂಗ ಇಡಾದ್ರಿ? ಕೋಳಿ ಸಾರು, ರೊಟ್ಟಿ ಇಡ್ತೀವಿ."

ಅವಳ ಮಾತು ನಿಲ್ಲಿಸಲು, "ಇವರೇ ಅವನ ತಾಯಿ" ಎಂದುಬಿಟ್ಟೆ. ಹುಲಿಗೆವ್ವ ಅಕ್ಕ ಉಟ್ಟ ಕಚ್ಚೆ ಸೀರೆ ನೋಡಿದಳು, ಕೈಯಲ್ಲಿದ್ದ ಮಡಿ ಡಬ್ಬಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ತಪ್ಪಾತ್ರಿ ಅಮ್ಮಾರ. ಗೊತ್ತಿರಲಿಲ್ಲ. ಇನ್ನ ಇಡಾದಿಲ್ಲ."

ಅಕ್ಕ ಡಬ್ಬಿ ಬಿಚ್ಚಿ ಕಲ್ಲಿನ ಮುಂದೆ ಹೋಳಿಗೆ ಇಟ್ಟಳು, ಮೊಸರನ್ನ ಇಟ್ಟಳು. ಕೈಮುಗಿದಳು. ಬಸ್ಸಿನ ಹೊತ್ತಾಯಿತು ಏಳು ಎಂದರೆ ಏಳಲಿಲ್ಲ.

"ಸಾರು ಇವತ್ತು ಮಾಡಿಲ್ಲೇನವಾ?"

"ಇವತ್ತು ಅಮಾಸಿ ಅಲ್ಲಲ್ರಿ."

"ಮಾಡು. ನಾ ಕೂತಿರ್ತೀನಿ."

ಬಸ್ಸು ತಪ್ಪಿತು. ರಾತ್ರಿ ಕಂಪ್ಲಿಯಲ್ಲಿ ಉಳಿದು ಮರುದಿನ ಊರಿಗೆ ಮರಳೋಣವೆಂದು ನಾನು ಎತ್ತಿನ ಗಾಡಿ ಗೊತ್ತುಮಾಡಿ ಬರುವಷ್ಟರಲ್ಲಿ, ಅಕ್ಕ ಹುಲಿಗೆವ್ವನ ಅಂಗಳದ ಒಲೆಯ ಮುಂದೆ ಕೂತಿದ್ದಳು. ಮಸಾಲೆಯ ವಾಸನೆಗೆ ನಾನು ಉತ್ತರೀಯ ಮೂಗಿಗೆ ಹಿಡಿದೆ. ಅವಳು ಹಿಡಿಯಲಿಲ್ಲ. ಸಾರು ಕುದಿದ ಮೇಲೆ ಬಟ್ಟಲು ಕೊಡಲು ಹುಲಿಗೆವ್ವ ಹಿಂದೆಮುಂದೆ ನೋಡಿದಳು. ಅಕ್ಕನೇ ಸೆರಗಿನಲ್ಲಿ ಹಿಡಿದು ಇಸಿದುಕೊಂಡು, ತುಳುಕದ ಹಾಗೆ ಬದುವಿನ ಮೇಲೆ ನಡೆದಳು. ನಾನು ಹಿಂದೆಯೇ ಹೋದೆ.

ಕಲ್ಲಿನ ಎದುರಿಗೆ ಕೂತು ಬಟ್ಟಲನ್ನು ಮುಂದಕ್ಕೆ ಸರಿಸಿದಳು.

"ಬಿಸಿ ಅದನೋ ಸೀನು, ಸಾವಕಾಶ ತಿನ್ನು."