ಭಾವನ ಅರ್ಕಾವತ್ತು

ನಮ್ಮ ಭಾವನಿಗೆ 'ಅರ್ಕಾವತ್ತು' ಅಂತ ಅಡ್ಡಹೆಸರು ಇಟ್ಟವಳು ನಾನೇ. ಅರ್ಕಾವತ್ತು ಗೊತ್ತಲ್ಲ, ಬಾಯಲ್ಲಿ ಮೊದಲು ಬರುತ್ತದೆ, ಬರೆಯುವಾಗ ಕೊನೆಗೆ ಬರುತ್ತದೆ. ಭಾವನೂ ಹಾಗೇ. ಮೊದಲು ಹೇಳಬೇಕಾದ್ದನ್ನು ಎಲ್ಲ ಮುಗಿದ ಮೇಲೆ ಹೇಳುವ ಜಾತಿ. ಇದ್ದ ಕೆಲಸ ಬಿಟ್ಟು ತಿಂಗಳಾಯಿತು ಅಂತ ನಮ್ಮಕ್ಕನಿಗೆ ಹೇಳಿದ್ದು ಮದುವೆಯಾದ ನಾಲ್ಕನೇ ದಿನ. ಅಕ್ಕ ಅದನ್ನು ಹೇಳಿಕೊಂಡು ನಗುತ್ತಾಳೆ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಭಾವನದು ಬೋರ್ಡ್ ಬರೆಯುವ ಅಂಗಡಿ. ಉದ್ದಕ್ಕೆ ಒಂದೇ ಕೋಣೆ. ಬಾಗಿಲ ಹತ್ತಿರ ಕಂಪ್ಯೂಟರ್, ನಡುವೆ ಸ್ಟಿಕರ್ ಕತ್ತರಿಸುವ ಯಂತ್ರ, ಹಿಂದೆ ಗಾಳಿಯಿಲ್ಲದ ಮೂಲೆಯಲ್ಲಿ ನನ್ನ ಮೇಜು. ಭಾವ ಅಕ್ಷರ ಜೋಡಿಸುತ್ತಾರೆ, ಯಂತ್ರ ಕತ್ತರಿಸುತ್ತದೆ, ಬೇಡದ ಚೂರುಗಳನ್ನು ಸೂಜಿಯಲ್ಲಿ ಎತ್ತಿ ತೆಗೆದು ಉಳಿದ ಅಕ್ಷರವನ್ನು ಬೋರ್ಡಿಗೆ ಅಂಟಿಸುವುದು ನಾನು. ಹನ್ನೊಂದು ವರ್ಷದಿಂದ ಇದೇ. ಆ ಹನ್ನೊಂದು ವರ್ಷವೂ ನನಗೆ ಬೇಕಾಗಿದ್ದದ್ದು ಬಾಗಿಲ ಹತ್ತಿರದ ಕುರ್ಚಿ. ಕೇಳಿದಾಗಲೆಲ್ಲ ಒಂದೇ ಉತ್ತರ.

"ಅಂಟಿಸೋ ಕೈ ಬೇರೆ, ಬರೆಯೋ ಕೈ ಬೇರೆ."

ಬರೆಯುವ ಕೈ ಅನ್ನುವುದು ಸುಳ್ಳಲ್ಲ, ಅದನ್ನು ಒಪ್ಪಬೇಕು. ಕಂಪ್ಯೂಟರ್ ಬರುವ ಮುಂಚೆ ಭಾವ ಏಣಿ ಹತ್ತಿ ಕುಂಚದಲ್ಲಿ ಬೋರ್ಡ್ ಬರೆಯುತ್ತಿದ್ದವರು. ಅಳತೆಪಟ್ಟಿ ಇಡದೆ ಇಪ್ಪತ್ತು ಅಡಿ ಉದ್ದ ಒಂದೇ ಸಾಲು ಎಳೆಯುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಒಂದು ಸಾಫ್ಟ್‌ವೇರ್ ಕಲಿತರು, ಅದೂ ಯಾರೋ ಕದ್ದು ಹಾಕಿಕೊಟ್ಟದ್ದು. ಅದರಲ್ಲೇ ಹತ್ತೊಂಬತ್ತು ವರ್ಷ ಕಳೆದರು. ಕೀಬೋರ್ಡಿನ ಅಕ್ಷರ ಅಳಿಸಿಹೋಗಿದ್ದರೂ ಬೆರಳು ತಪ್ಪುತ್ತಿರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದರಲ್ಲಿ ಹಳೇ ಕಳ್ಳ ಸಾಫ್ಟ್‌ವೇರ್ ಕೂರಲಿಲ್ಲ. ನಾನು ಆಗ ಹೇಳಿದೆ, ಬಿಟ್ಟಿಯಾಗಿ ಸಿಗುವ ಸಾಫ್ಟ್‌ವೇರ್ ಒಂದಿದೆ, ಎಂಟು ತಿಂಗಳಿಂದ ಮನೆಯಲ್ಲಿ ಕಲಿಯುತ್ತಿದ್ದೇನೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕಳ್ಳತನವಲ್ಲ ಅಂತ. ಭಾವ ನನ್ನ ಕಡೆ ತಿರುಗಲೂ ಇಲ್ಲ.

"ಬಿಟ್ಟಿ ಕೊಡ್ತಾರೆ ಅಂದ್ರೆ ಅದು ಯಾರಿಗೂ ಬೇಡದ್ದು ಅಂತ ಅರ್ಥ. ಹಾಕು, ನೋಡೋಣ."

ನಾನೇ ಹಾಕಿಕೊಟ್ಟೆ. ಅಲ್ಲಿಂದ ಶುರುವಾಯಿತು ಯುದ್ಧ. ಚಿತ್ರಗಳು ಸಣ್ಣ, ಹೆಸರುಗಳು ವಿಚಿತ್ರ, ಅದು ಇಲ್ಲಿಲ್ಲ, ಇದು ಅಲ್ಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ತೋರಿಸಲಾ ಭಾವ?" ಅಂದರೆ, "ಸೂಜಿ ಹಿಡಿಯೋಳು ಸೂಜಿ ಹಿಡ್ಕೊಂಡಿರು" ಅಂದರು. ನಾನು ಹಲ್ಲು ಕಚ್ಚಿಕೊಂಡು ಸೂಜಿ ಹಿಡಿದುಕೊಂಡೆ.

ಆ ವಾರ ಒಬ್ಬ ಶಿಲ್ಪಿ ಬಂದಿದ್ದ. ಮೂವತ್ತು ವರ್ಷ ಬೇರೆಯವರ ಹತ್ತಿರ ಕಲ್ಲು ಕೆತ್ತಿ, ಈಗ ಸ್ವಂತ ಕೆಲಸದ ಮನೆ ತೆರೆಯುತ್ತಿದ್ದ. ಹನ್ನೆರಡು ಅಡಿ ಬೋರ್ಡು, ಬರೀ ಎರಡು ಮಾತು: ಕಲ್ಲಿನ ಮೂರ್ತಿಗಳು.

ಭಾವ ಅಕ್ಷರ ಹೊಡೆದು, ಅಳತೆ ಕೂರಿಸಿ, ಕಂಟ್ರೋಲ್ ಒತ್ತಿಕೊಂಡು ಕ್ಯೂ ಒತ್ತಿದರು. ಹಳೆಯದರಲ್ಲಿ ಹಾಗೆ ಒತ್ತಿದರೆ ಅಕ್ಷರ ಬರೀ ಗೆರೆಯಾಗುತ್ತಿತ್ತು, ಗೆರೆಯಾಗದೆ ಯಂತ್ರಕ್ಕೆ ಕತ್ತರಿಸಲು ಬರುವುದಿಲ್ಲ. ಹೊಸದರಲ್ಲಿ ಅದು ಸಾಫ್ಟ್‌ವೇರನ್ನೇ ಮುಚ್ಚುವ ಕೀ. ಉಳಿಸಬೇಕಾ ಅಂತ ಅದು ಕೇಳಿತು. ಭಾವನಿಗೆ ಪ್ರಶ್ನೆ ಕೇಳಿದರೆ ಆಗುವುದಿಲ್ಲ, ಬೇಡ ಅಂತ ಒತ್ತಿದರು. ಮಾಡಿದ್ದೆಲ್ಲ ನೀರಲ್ಲಿ ಹೋಮ. ಮತ್ತೆ ಮಾಡಿದರು, ಮತ್ತೆ ಬೆರಳು ಅಲ್ಲಿಗೇ ಹೋಯಿತು. ಮೂರನೇ ಸಲ ಹೊಡೆಯುವಾಗ ಕಿವಿ ಕೆಂಪಗಾಗಿತ್ತು.

ಆ ಮೂರನೇ ಸಲವೇ ಆಗಿದ್ದು. ಹಳೆಯದರಲ್ಲಿ ಕೈಯಲ್ಲಿ ಬರೆದ ಹಾಗೇ ಹೊಡೆಯಬೇಕಿತ್ತು, ಮೊದಲು ತಿ, ಅದಾದ ಮೇಲೆ ಅರ್ಕಾವತ್ತು. ಹೊಸದರಲ್ಲಿ ಬಾಯಲ್ಲಿ ಹೇಳಿದ ಹಾಗೆ, ರ ಮೊದಲು. ಮೊದಲ ಎರಡು ಸಲ ಒಂದೊಂದೇ ಕೀ ಹುಡುಕಿಕೊಂಡು ಸರಿಯಾಗಿ ಹೊಡೆದಿದ್ದ ಭಾವ, ಸಿಟ್ಟು ಬಂದ ಮೇಲೆ ಕೈಯನ್ನು ಅದರ ಪಾಡಿಗೆ ಬಿಟ್ಟರು. ಕೈ ಹಳೇ ದಾರಿ ಹಿಡಿಯಿತು, ರ ಹಿಂದೆ ಬಿತ್ತು. ಪರದೆಯ ಮೇಲೆ ಬಂದದ್ದು: ಕಲ್ಲಿನ ಮೂತ್ರಿಗಳು.

ನಾನು ನೋಡಿದೆ. ಭಾವ ಈ ಸಲ ಮೆನುವಿನಲ್ಲಿ ಹುಡುಕಿ ಗೆರೆ ಮಾಡುತ್ತಿದ್ದಾಗ, ಹಾಳೆ ಸಿಕ್ಕಿಸಲು ಯಂತ್ರದ ಹತ್ತಿರ ಹೋದವಳು ಅವರ ಭುಜದ ಮೇಲಿಂದ ನೋಡಿದೆ. "ಭಾವ, ಒಂದ್ಸಲ ಓದಿ" ಅಂದೆ.

"ಕೊಟ್ಟಿದ್ದನ್ನ ಕತ್ತರಿಸು. ನಿನ್ನ ಓದು ಯಾರಿಗೆ ಬೇಕು."

ಆಯಿತು ಅಂದುಕೊಂಡೆ. ಕತ್ತರಿಸಿದೆ. ಚೂರು ಎತ್ತಿದೆ. ತಕಾರದ ಕಾಲಿಗೆ ಅಂಟಿಕೊಂಡಿದ್ದ ಆ ರಾವತ್ತನ್ನು ಗುಳ್ಳೆ ಏಳದ ಹಾಗೆ ಹೆಬ್ಬೆರಳಲ್ಲಿ ತೀಡಿ ತೀಡಿ ಕೂರಿಸಿದೆ. ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಶಿಲ್ಪಿ ಬಂದ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಬಾಗಿಲಲ್ಲೇ ನಿಂತು, ಉಳಿ ಹಿಡಿದು ಗಂಟುಗಟ್ಟಿದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಮೆತ್ತಗೆ ಹೇಳಿದ.

"ಊರವರೆಲ್ಲ ಬಂದಿದ್ರು. ನಮ್ಮಮ್ಮನ್ನ ಕುರ್ಚಿ ಹಾಕಿ ಮುಂದೆ ಕೂರಿಸಿದ್ದೆ. ನೀವು ಬಟ್ಟೆ ಸುತ್ತಿ ಕೊಟ್ಟ ಬೋರ್ಡನ್ನ ಬಿಚ್ಚದೆ ಹಾಗೇ ಏರಿಸಿದ್ದೆ, ಪರದೆ ಎಳೆದ್ರೆ ಎಲ್ಲ ನಗ್ತಾರೆ. ಅಮ್ಮನಿಗೆ ಓದೋಕೆ ಬರಲ್ಲ, ಎಲ್ಲರೂ ಖುಷಿಯಾಗಿದಾರೆ ಅಂತ ಅವಳೂ ನಗ್ತಾ ಇದ್ಲು." ಕಂಪ್ಯೂಟರಿನ ಕಡೆ ನೋಡಿದ. "ಕಲ್ಲಲ್ಲಿ ಅಕ್ಷರ ಕೆತ್ತೋ ಮುಂಚೆ ನಾನು ಮೂರು ಸಲ ಓದ್ತೀನಿ. ಇಲ್ಲಿ ಯಾರು ಓದ್ತಾರೆ?"

"ಇದು ಬಿಟ್ಟಿ ಸಾಫ್ಟ್‌ವೇರು ಸಾರ್," ಅಂದರು ಭಾವ. "ಅಕ್ಷರನ ತಾನೇ ತಿರುಚಿಬಿಡತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಂಟು ತಿಂಗಳು ಕೂತು ಕಲಿತವಳು ನಾನು, ತಡೆಯಲಾಗಲಿಲ್ಲ.

"ಅದು ಏನೂ ತಿರುಚಲಿಲ್ಲ. ಭಾವನೇ ಹಾಗೆ ಹೊಡೆದ್ರು."

ಶಿಲ್ಪಿ ನನ್ನ ಕಡೆ ತಿರುಗಿದ. "ನಿಮಗೆ ಹೇಗೆ ಗೊತ್ತು?"

"ನೋಡಿದೆ."

"ಯಾವಾಗ?"

"ಕತ್ತರಿಸೋ ಮುಂಚೆ."

ಅವನು ಭಾವನಿಗೆ ಹೇಳಿದ, "ಇನ್ನೊಂದು ಮಾಡಿಕೊಡಿ. ಈ ಸಲ ಇವರ ಕೈಲೇ ಬರೆಸಿ. ಇವರಿಗೆ ಓದೋಕೆ ಬರತ್ತೆ." ಅಷ್ಟು ಹೇಳಿ ಹೊರಟುಹೋದ.

ಭಾವ ಕುರ್ಚಿಯಿಂದ ಎದ್ದರು. ಬೈಯುತ್ತಾರೆ ಅಂತ ಸೆಟೆದು ನಿಂತಿದ್ದೆ, ಬೈದರೆ ತಿರುಗಿ ಕೊಡಲು ಹನ್ನೊಂದು ವರ್ಷದ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅವರು ಬೈಯಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ಓದಬೇಡ ಅಂದಿದ್ದು ನಾನು. ಅದನ್ನ ಅವರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ." ಎಂದಿನಂತೆ ಎಲ್ಲ ಮುಗಿದ ಮೇಲೆ. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ನನ್ನದು ಕೈತಪ್ಪು. ನಿನ್ನದು?"

ಆ ಕುರ್ಚಿಯಲ್ಲಿ ಕೂತೆ. ರ ಮೊದಲು ಹೊಡೆದೆ, ತಿ ಆಮೇಲೆ. ಅರ್ಕಾವತ್ತು ತನ್ನ ಜಾಗಕ್ಕೆ ತಾನೇ ಹೋಗಿ ಕೂತುಕೊಂಡಿತು.

ಈಗ ಕುರ್ಚಿ ನನ್ನದು. ಹಿಂದಿನ ಮೂಲೆಯಲ್ಲಿ ಸೂಜಿ ಹಿಡಿದು ಚೂರು ಎತ್ತುವುದು ಭಾವ. ಅವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ, ಅವರಿಗೂ ನನ್ನನ್ನು ಕಂಡರೆ ಅಷ್ಟೇ. ದಿನಕ್ಕೆ ಹತ್ತು ಮಾತೂ ಆಡುವುದಿಲ್ಲ. ಆದರೆ ಹಾಳೆ ಸಿಕ್ಕಿಸಿ ಯಂತ್ರ ಶುರುಮಾಡುವ ಮುಂಚೆ, ಬೋರ್ಡು ಎಷ್ಟೇ ಚಿಕ್ಕದಿರಲಿ, ಅಲ್ಲಿಂದಲೇ ಕೇಳುತ್ತಾರೆ.

"ಓದಿದ್ಯಾ?"

"ಓದಿದೆ ಭಾವ" ಅನ್ನುತ್ತೇನೆ. ಅನ್ನುವ ಮುಂಚೆ ಇನ್ನೊಂದು ಸಲ ಓದುತ್ತೇನೆ.