ಬೆಳಗಿನ ವಿಮಾನ, ಸಂಜೆಯ ನೆರಳು

ಚಲನಚಿತ್ರಗಳನ್ನು ಮೆಚ್ಚುವವರಿಗೂ ಹಳಿಯುವವರಿಗೂ ನಮ್ಮ ಪತ್ರಿಕಾರಂಗದಲ್ಲಿ ಎಂದೂ ಬರವಿದ್ದಿಲ್ಲ. ಹೆಸರಾಂತ ವೈಮಾನಿಕರ ಬದುಕನ್ನು ಕುರಿತ ಚಿತ್ರವೊಂದು ಬಂದಾಗ ಅದರಲ್ಲಿ ನಡೆದದ್ದೆಷ್ಟು, ಊರ ಬಾಯಲ್ಲಿ ಬೆಳೆದದ್ದೆಷ್ಟು ಎಂದು ಕೂತು ಬೇರ್ಪಡಿಸುವ ಕೆಲಸಕ್ಕೆ ಮಾತ್ರ ಒಬ್ಬರೇ ಸಿಕ್ಕರು. ಮೂರು ದಶಕ ನಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಆ ಕೆಲಸ ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವ ಆ ಹಿರಿಯರನ್ನು ಓದುಗರು ಅವರ ಅಂಕಣದಿಂದ ಬಲ್ಲರು. ಸುದ್ದಿಮನೆಯಲ್ಲಿ ಅವರು ನಿಲ್ಸಪ್ಪನವರು. ಪ್ರೊಜೆಕ್ಟರ್ ಕೋಣೆಯ ಕಡೆ ತಿರುಗಿ ಅವರು ಮತ್ತೆ ಮತ್ತೆ ಹೇಳುತ್ತಿದ್ದ "ನಿಲ್ಸಪ್ಪಾ" ಎಂಬ ಮಾತೇ ಹೆಸರಾಗಿ ಅಂಟಿಕೊಂಡಿತು. ಹೊರಗಿನವರು ಅದನ್ನೇ ನಿಜವಾದ ಹೆಸರೆಂದು ನಂಬಿ ಆಹ್ವಾನ ಪತ್ರಿಕೆಗಳಲ್ಲೂ ಅಚ್ಚು ಹಾಕಿಸಿದ್ದುಂಟು.

ಇಂಥ ಅಭಿನಂದನ ಗ್ರಂಥಗಳಲ್ಲಿ ಧೈರ್ಯವನ್ನು ಹೊಗಳುವುದು ರೂಢಿ. ನಿಲ್ಸಪ್ಪನವರ ಬಗ್ಗೆ ಹಾಗೆ ಬರೆದರೆ ಮೊದಲ ತಿದ್ದುಪಡಿ ಅವರಿಂದಲೇ ಬರುತ್ತದೆ. ಅವರು ಅಂಜುವ ಮನುಷ್ಯ. ಲಿಫ್ಟಿಗೆ ಅಂಜುತ್ತಾರೆ, ನಾಯಿಗೆ ಅಂಜುತ್ತಾರೆ, ಬೆಳ್ಳಂಬೆಳಗ್ಗೆ ಬಡಿದುಕೊಳ್ಳುವ ಫೋನಿಗೆ ಅಂಜುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ತಾವೇ ಬರೆದ ವಾಕ್ಯ ಅಚ್ಚಾಗಿ ಬಂದಾಗ ಅಂಜುತ್ತಾರೆ. ವೃತ್ತಿಯ ಮೊದಲ ವರ್ಷಗಳಲ್ಲಿ ಅವರು ವಿಮಾನ ನಿಲ್ದಾಣದ ವರದಿಗಾರರಾಗಿದ್ದರು, ಆದರೆ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಕಾರಣ ಕೇಳಿದ ಸಂಪಾದಕರಿಗೆ, "ಬಿದ್ದರೆ ವರದಿ ಯಾರು ಬರೀತಾರೆ ಸಾರ್?" ಎಂದಿದ್ದರಂತೆ.

ಸಿನಿಮಾ ಪುಟಕ್ಕೆ ಬಂದ ಮೇಲೆ ಆ ಅಂಜಿಕೆಯಿಂದಲೇ ಅವರಿಗೊಂದು ಪದ್ಧತಿ ಹುಟ್ಟಿತು. ಯಾವ ವಾಕ್ಯ ಯಾರ ಮೇಲೆ ಬೀಳುತ್ತದೋ, ಅಚ್ಚಿಗೆ ಹೋಗುವ ಮೊದಲು ಅವರೆದುರು ಕೂತು ಅದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ನಾಲಿಗೆ ತಡವರಿಸಿದರೆ ಆ ವಾಕ್ಯದಲ್ಲಿ ಏನೋ ಕೊರತೆಯಿದೆ. ತಿರುಗಿ ಬಂದು ಹುಡುಕಬೇಕು. ನಿರ್ದೇಶಕರಿಗೂ ಹಾಗೆ, ನಟರಿಗೂ ಹಾಗೆ. ಎಷ್ಟೋ ಜನ ಅವರನ್ನು ಬಾಗಿಲಿನಿಂದಲೇ ಕಳಿಸಿದ್ದಾರೆ. ಅವರು ಮೆಟ್ಟಿಲ ಮೇಲೆ ನಿಂತು ಓದಿ ಬಂದಿದ್ದಾರೆ. ಈ ಪದ್ಧತಿಯನ್ನು ಕಿರಿಯರಿಗೆ ಹೇಳಿಕೊಟ್ಟದ್ದಷ್ಟೇ ಅಲ್ಲ, ಮೊದಲ ಸಲ ಅವರ ಜೊತೆ ತಾವೂ ಹೋಗಿ ಪಕ್ಕದಲ್ಲಿ ನಿಂತರು. ದೃಷ್ಟಿ ಕಳೆದುಕೊಂಡಿದ್ದ ಒಬ್ಬ ವಿಮಾನ ಎಂಜಿನಿಯರನ್ನು ಪ್ರತಿ ಹೊಸ ಚಿತ್ರಕ್ಕೂ ಕೈಹಿಡಿದು ಕರೆದೊಯ್ದು, ತೆರೆಯ ಮೇಲಿನದನ್ನು ಪಿಸುಮಾತಿನಲ್ಲಿ ವಿವರಿಸುತ್ತಿದ್ದರು. ಎಂಜಿನ್ ಸದ್ದು ಕೇಳಿದೊಡನೆ ಆ ಎಂಜಿನಿಯರ್, "ಇದು ಆ ಕಾಲದ್ದಲ್ಲ ಕಣಯ್ಯಾ, ಹೊಲ ಉಳೋ ಟ್ರ್ಯಾಕ್ಟರು" ಎಂದು ಹಿಂದಿನ ಸಾಲಿನವರು ನಗುವಂತೆ ಹೇಳುತ್ತಿದ್ದರು.

ಅವರ ಸೇವೆಯ ನಡುಗಾಲದಲ್ಲಿ ಬಂದ ಒಂದು ಚಿತ್ರದ ವಿಚಾರವನ್ನು ಇಲ್ಲಿ ವಿವರವಾಗಿ ಹೇಳಬೇಕು.

ಜಲಸಂಧಿಯನ್ನು ಹಾರಿ ದಾಟಿದ ಮೊದಲ ವಿಮಾನ ಚಾಲಕಿಯ ಕಥೆ ಅದು. ಊರಿನ ದೊಡ್ಡ ಚೌಕದಲ್ಲಿ ಆಕೆಯ ಪ್ರತಿಮೆಯಿದೆ. ಕೊನೆಯ ಹಾರಾಟದ ದಿನ ಬೆಳಗ್ಗೆ ಆಕೆಯ ವಿಮಾನ ನೆಲಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಕಡಲಿಗೆ ಬಿತ್ತು. ಆಕೆಯ ವಿಮಾನದ ಮೆಕ್ಯಾನಿಕ್ ಎದುರಾಳಿಗಳಿಂದ ಲಂಚ ತಿಂದು ಪೆಟ್ರೋಲ್ ಕೊಳವೆಯ ನಟ್ಟು ಸಡಿಲಿಸಿದ ಎಂಬ ಗುಮಾನಿ ಅಂದಿನಿಂದಲೂ ಊರಲ್ಲಿತ್ತು. ಹೊಸ ಚಿತ್ರ ಅದನ್ನು ಬಣ್ಣದಲ್ಲಿ, ಹತ್ತಿರದಿಂದ, ಸಂಗೀತ ಸಮೇತ ತೋರಿಸಿತು. ಮೆಕ್ಯಾನಿಕ್ ತೀರಿಕೊಂಡು ಬಹುಕಾಲವಾಗಿತ್ತು. ಅವನ ಮಗಳು ಮಾತ್ರ ಹಳೆಯ ವಿಮಾನ ಮೈದಾನದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬರೇ ಬದುಕಿದ್ದರು. ಚಿತ್ರದ ಜಾಹೀರಾತು ಬಂದ ವಾರವೇ ಅವರ ಕಿಟಕಿಯ ಗಾಜು ಒಡೆಯಿತು. ಚಿತ್ರ ಬಿಡುಗಡೆಯಾಗುವುದು ಶುಕ್ರವಾರ. ಅಷ್ಟರೊಳಗೆ ಏನು ಬರೆಯಬೇಕೋ ಬರೆಯಬೇಕಿತ್ತು.

ಚಿತ್ರತಂಡದ ಬಳಿ ಎರಡು ಆಧಾರಗಳಿದ್ದವು. ಮೊದಲನೆಯದು ಆ ಕಾಲದ ಮೂಕ ಸುದ್ದಿಚಿತ್ರ: ವಿಮಾನದ ಮೂತಿಯ ಬಳಿ ಟೋಪಿ ಹಿಂದಕ್ಕೆ ಸರಿಸಿಕೊಂಡ ಒಬ್ಬ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಎಡಗೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಾನೆ, ನಂತರ ವಿಮಾನ ಕಡಲಿನತ್ತ ಓಡಿ ಏಳುತ್ತದೆ. ಇನ್ನೊಂದು, ಆ ದಿನ ಮೈದಾನದಲ್ಲಿದ್ದ ಮುದುಕರ ಸಾಕ್ಷ್ಯ. ನಿಲ್ಸಪ್ಪನವರು ಅವರನ್ನು ಬೇರೆ ಬೇರೆಯಾಗಿ ಕಂಡರು. ಒಬ್ಬೊಬ್ಬರೂ ಅದೇ ಟೋಪಿ, ಅದೇ ಎಡಗೈ ಹೇಳಿದರು. ಅವರಲ್ಲಿ ಯಾರೂ ಸುಳ್ಳುಗಾರರಂತೆ ಕಾಣಲಿಲ್ಲ. ಅದೇ ನಿಲ್ಸಪ್ಪನವರಿಗೆ ಒಗಟಾಯಿತು. ಆ ದಿನ ಮೈದಾನದಲ್ಲಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆಯಿಂದ ಕಾಣುತ್ತಿದ್ದದ್ದು ವಿಮಾನದ ಬಾಲ. ಇವರೆಲ್ಲ ವರ್ಣಿಸುತ್ತಿದ್ದದ್ದು ಮೂತಿಯ ಕಡೆಯ ನೋಟ.

ಅವರು ಸುದ್ದಿಚಿತ್ರವನ್ನು ಮತ್ತೆ ಹಾಕಿಸಿದರು. ವಿಮಾನ ಕಡಲಿನತ್ತ ಓಡುವಾಗ "ನಿಲ್ಸಪ್ಪಾ" ಎಂದರು. ವಿಮಾನದ ನೆರಳು ಅದರ ಮುಂದೆ ಬಿದ್ದಿತ್ತು. ಕಡಲಿದ್ದದ್ದು ಪೂರ್ವಕ್ಕೆ. ಮರುದಿನ ಸೂರ್ಯ ಏಳುವ ಹೊತ್ತಿಗೆ ಅವರು ಹಳೆಯ ಮೈದಾನಕ್ಕೆ ಹೋಗಿ ಕಡಲಿಗೆ ಮುಖಮಾಡಿ ನಿಂತರು. ನೆರಳು ಬೆನ್ನ ಹಿಂದೆ ಹುಲ್ಲಿನ ಮೇಲೆ ಉದ್ದವಾಗಿ ಮಲಗಿತ್ತು. ಅಂದರೆ ಸುದ್ದಿಚಿತ್ರ ತೆಗೆದದ್ದು ಸಂಜೆ. ವಿಮಾನ ಬಿದ್ದದ್ದು ಬೆಳಗ್ಗೆ. ಆ ಬೆಳಗಿಗೆ ಮೊದಲು ಆಕೆಯ ವಿಮಾನ ಆ ಮೈದಾನದಿಂದ ಎಂದೂ ಹಾರಿರಲಿಲ್ಲ. ದುರಂತವಾದ ಮೇಲೆ ಸುದ್ದಿಚಿತ್ರದವರು ಬೇರೊಂದು ವಿಮಾನ ತಂದು, ಬೇರೆ ಯಾರ ಕೈಗೋ ಸ್ಪ್ಯಾನರ್ ಕೊಟ್ಟು, ನಡೆದದ್ದನ್ನು ಮರಳಿ ಆಡಿಸಿ ತೆಗೆದಿದ್ದರು. ಊರು ಅದನ್ನು ಸಿನಿಮಾ ಟೆಂಟಿನಲ್ಲಿ ಕೂತು ನೋಡಿತು. ಕಾಲಕ್ರಮದಲ್ಲಿ, ಮೈದಾನದಲ್ಲೇ ಕಂಡೆವೆಂದು ನಂಬಿತು.

ಲೇಖನ ಸಿದ್ಧವಾಯಿತು. ಎದುರು ಕೂರಲು ಒಪ್ಪದ ನಿರ್ದೇಶಕರು ಫೋನಿನಲ್ಲೇ ಪೂರ್ತಿ ಕೇಳಿ, ನೆರಳು ನೋಡಿಕೊಂಡು ಯಾರೂ ಟಿಕೆಟ್ ತಗೊಳ್ಳಲ್ಲ ಎಂದು ಹೇಳಿ ಇಟ್ಟುಬಿಟ್ಟರು. ಅಂದು ಬೆಳಗ್ಗೆ ಬಂದ ಇನ್ನೊಂದು ಕರೆಯಲ್ಲಿ ಹೆಸರು ಹೇಳದ ದನಿಯೊಂದು, ನಿಲ್ಸಪ್ಪನವರ ಮನೆ ಯಾವ ಬೀದಿಯಲ್ಲಿದೆ, ಗೇಟಿನ ಬಣ್ಣ ಯಾವುದು ಎಂದು ತಿಳಿಸಿತು. ಮಡದಿ ಅವರ ಕೈಯಿಂದ ಚಾ ಲೋಟ ತೆಗೆದು ಮೇಜಿನ ಮೇಲಿಟ್ಟರು; ಅರ್ಧ ಚಾ ಆಗಲೇ ತಟ್ಟೆಯಲ್ಲಿತ್ತು. ಪದ್ಧತಿಯ ಪ್ರಕಾರ ಅವರು ಮೆಕ್ಯಾನಿಕ್ಕನ ಮಗಳ ಮನೆಗೂ ಹೋದರು. ಒಡೆದ ಗಾಜಿಗೆ ರಟ್ಟು ಅಂಟಿಸಿತ್ತು. ಹೊಲಿಗೆ ಯಂತ್ರದ ಪಕ್ಕ ಕೂತು ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ಎಲ್ಲಾ ಸರಿ. ನಮ್ಮಪ್ಪ ಮಾಡಿಲ್ಲ ಅಂತ ಒಂದು ಸಾಲು ಹಾಕಿ."

"ಅದು ನನಗೆ ಗೊತ್ತಿಲ್ಲಮ್ಮಾ. ಮಾಡಿದ್ರು ಅನ್ನೋದಕ್ಕೆ ಆಧಾರ ಇಲ್ಲ ಅಂತ ಬರೆದಿದ್ದೀನಿ."

"ಅವರು ಮಾಡಿದ ಅಂತಾರೆ, ನೀವು ಗೊತ್ತಿಲ್ಲ ಅಂತೀರಿ. ಕಲ್ಲು ಹೊಡೆಯೋರಿಗೆ ಇದರ ವ್ಯತ್ಯಾಸ ಗೊತ್ತಾಗುತ್ತೇನಪ್ಪಾ?"

ನಿಲ್ಸಪ್ಪನವರು ಹಾಳೆ ಮಡಚಿದರು, ಬಿಚ್ಚಿದರು. ಆ ಒಂದು ಸಾಲು ಬರೆದರೆ ಪ್ರಶ್ನಿಸುವವರಿರಲಿಲ್ಲ; ಅದು ದಯೆಯ ಸಾಲು ಕೂಡ. ಅದನ್ನು ಬರೆಯದೆ, ಶುಕ್ರವಾರ ತಾವೇ ಬಂದು ಇಲ್ಲಿ ಕೂತಿರುವುದಾಗಿ ಹೇಳಿದರು.

"ನೀವಾ? ಈಗಲೇ ಹೀಗೆ ನಡುಗ್ತಿದ್ದೀರಿ. ನಿಮ್ಮನ್ನ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕು" ಎಂದರು ಆಕೆ. ಆದರೆ ಬೇಡವೆನ್ನಲಿಲ್ಲ.

ಶುಕ್ರವಾರ ಬೆಳಗಿನ ಪತ್ರಿಕೆಯಲ್ಲಿ ಲೇಖನ ಬಂತು. ನಿಲ್ಸಪ್ಪನವರು ಬೀದಿಗೆ ಮುಖವಾಗಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮಧ್ಯಾಹ್ನದ ಆಟ ಬಿಡುತ್ತಲೇ ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ಮೊದಲು ಸದ್ದು ಬಂತು, ಆಮೇಲೆ ಜನ. ಇಪ್ಪತ್ತೋ ಮೂವತ್ತೋ, ಅವರಿಗೆ ಎಣಿಸುವ ಧೈರ್ಯವಿರಲಿಲ್ಲ. ಕುರ್ಚಿಯ ಕೈ ಹಿಡಿದು ಕೂತೇ ಇದ್ದರು. ಮುಂದಿದ್ದ ದೃಢಕಾಯದ ಒಬ್ಬ ಗೇಟಿಗೆ ಕೈ ಹಾಕಿ, ಇದೇನಾ ಅವನ ಮಗಳ ಮನೆ ಎಂದು ಕೇಳಿದ. ಇದೇ, ಆಕೆ ಒಳಗಿದ್ದಾರೆ ಎಂದರು ಇವರು. ನೀನ್ಯಾರು ಎಂದ. ಪತ್ರಿಕೆಯ ಹೆಸರು ಹೇಳಿದರು.

"ನೆರಳಿನ ಕಥೆ ಬರೆದೋನು ನೀನೇನಾ? ಹಾಗಾದ್ರೆ ಅವನು ಮಾಡಿಲ್ವಾ? ಹೇಳು."

ಮಾಡಿಲ್ಲ ಎಂಬ ಒಂದೇ ಮಾತು ಸಾಕಿತ್ತು. ಗುಂಪು ಕಾಯುತ್ತಿತ್ತು. ಬಾಗಿಲ ಹಿಂದೆ ಆಕೆಯ ಉಸಿರು ಇವರ ಕಿವಿಗೆ ಬೀಳುತ್ತಿತ್ತು.

"ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ" ಎಂದರು ನಿಲ್ಸಪ್ಪನವರು.

ಹಿಂದಿನಿಂದ ಒಂದು ಕಲ್ಲು ಬಂದು ಅವರ ತಲೆಯ ಪಕ್ಕದ ಬಾಗಿಲ ಚೌಕಟ್ಟಿಗೆ ಬಡಿಯಿತು. ಎಸೆದದ್ದು ಯಾರೆಂದು ನೋಡಲು ಎಲ್ಲರೂ ಹಿಂತಿರುಗಿದರು. ಹಾಗೆ ತಿರುಗಿದ ಮುಖಗಳಲ್ಲಿ ಕೆಲವು ಮರಳಿ ಈ ಕಡೆ ತಿರುಗಲಿಲ್ಲ. ಗೇಟಿನವನು ಆಮೇಲೆ ಗೇಟು ಮುಚ್ಚಿಯೇ ಹೋದ.

"ಸುಳ್ಳು ಹೇಳಿದ್ದಿದ್ರೆ ಆಗಲೇ ಹೋಗ್ತಿದ್ರು" ಎಂದರು ಆಕೆ ಒಳಗಿನಿಂದ.

"ಹೋಗ್ತಿದ್ರಮ್ಮಾ. ನಾಳೆ ಇನ್ನೊಬ್ಬ ಬಂದು ನಿಂಗೆ ಹೇಗೆ ಗೊತ್ತು ಅಂತಿದ್ದ."

ಅದಾದ ಮೇಲೆ ಎಷ್ಟೋ ವೈಮಾನಿಕರ ಎಷ್ಟೋ ಚಿತ್ರಗಳು ಬಂದವು. ಕಿರಿಯರು ನಿಲ್ಸಪ್ಪನವರ ಪದ್ಧತಿಯನ್ನು ತಮ್ಮದಾಗಿಸಿಕೊಂಡರು. ಆದರೆ ಮೆಕ್ಯಾನಿಕ್ಕನ ಮಗಳ ಮನೆಗೆ ನಿಲ್ಸಪ್ಪನವರು ಹೋಗುವುದು ನಿಂತಿಲ್ಲ. ಕಳೆದ ವರ್ಷ ಮುಳುಗುಗಾರರು ಆ ವಿಮಾನದ ಎಂಜಿನ್ನನ್ನು ಕಡಲ ತಳದಿಂದ ಮೇಲೆತ್ತಿದ್ದಾರೆ. ಬಂದರಿನ ಗೋದಾಮಿನಲ್ಲಿ ತಜ್ಞರು ಅದಕ್ಕೆ ಕಲ್ಲಿನಂತೆ ಅಂಟಿರುವ ಸುಣ್ಣ-ತುಕ್ಕಿನ ಪದರವನ್ನು ನಿಧಾನವಾಗಿ ಬಿಡಿಸುತ್ತಿದ್ದಾರೆ. ಪೆಟ್ರೋಲ್ ಕೊಳವೆಯ ಆ ನಟ್ಟು ಇನ್ನೂ ಪದರದೊಳಗಿದೆ. ಬಿಗಿಯಾಗಿದೆಯೋ ಸಡಿಲವಾಗಿದೆಯೋ ಯಾರಿಗೂ ತಿಳಿಯದು. ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಕೇಳಿದವರಿಗೆ ನಿಲ್ಸಪ್ಪನವರು ಆ ಗೋದಾಮಿನ ಬಸ್ಸಿನ ದಾರಿ ಹೇಳುತ್ತಾರೆ. ಹೇಳುವಾಗ ಅವರ ಮುಖ ಬಿಳಿಚಿಕೊಳ್ಳುತ್ತದೆ. ಈಗ ತೀರ ಮುಪ್ಪಿಗೆ ಬಂದಿರುವ ಆ ಮಗಳೂ ಸರಿಯಾಗಿ ನಿದ್ದೆ ಮಾಡುತ್ತಿಲ್ಲವಂತೆ. ಸಡಿಲವಾಗಿದ್ದರೆ ಏನು ಮಾಡಲಿ ಎಂದು ಇವರು ಈಚೆಗೆ ಆಕೆಯನ್ನೇ ಕೇಳಿದರು.

"ಏನಿದ್ರೂ ಬಂದು ಓದಿ. ಬೇರೆಯವರ ಬಾಯಲ್ಲಿ ಕೇಳೋಕೆ ನನಗೆ ಭಯ" ಎಂದರಂತೆ ಆಕೆ.

ಗೋದಾಮಿನ ಕೆಲಸ ಮುಗಿಯುವುದಕ್ಕೆ ಇನ್ನೂ ಕಾಲ ಬೇಕೆಂದು ತಜ್ಞರು ಹೇಳುತ್ತಾರೆ. ಅಲ್ಲಿಯವರೆಗೂ, ಅದರಾಚೆಗೂ, ನಮ್ಮ ಹಿರಿಯರ ಕಣ್ಣು ಚುರುಕಾಗಿರಲಿ, ಬಸ್ಸು ಹತ್ತುವ ಕಾಲುಗಳಲ್ಲಿ ಕಸುವಿರಲಿ. ಕೇಳುವುದಕ್ಕೆ ಆಕೆ ಇರಲಿ. ಆ ದಿನ ಹೊಲಿಗೆ ಯಂತ್ರದ ಎದುರು ಕೂತು, ಬರೆದದ್ದು ಏನೇ ಇರಲಿ, ಅವರು ಅದನ್ನು ತಡವರಿಸದೆ ಓದುವಂತಾಗಲಿ.