ಹಾಲು ವಾಪಸು ಕೊಡುವ ಬಗೆ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿತು. ಆ ಸೀದ ವಾಸನೆಗೆ ನಾನು ಒಲೆ ಆರಿಸುವುದನ್ನೂ ಮರೆತು ನಿಂತುಬಿಟ್ಟೆ. ಮನೆಯವಳು ಬಂದು ಆರಿಸಿದಳು. ಅಷ್ಟರಲ್ಲಿ ನಾನು ಸವಣೂರಿಗೂ ಕಡಬಕ್ಕೂ ನಡುವಿನ ಒಂದು ಸಣ್ಣ ಹಾಲಿನ ಸೊಸೈಟಿಗೆ ಹೋಗಿ ಮುಟ್ಟಿದ್ದೆ.

ಅಲ್ಲಿ ನಾನು ಗುಮಾಸ್ತನಾಗಿದ್ದೆ. ಬೆಳಗಿನ ಹೊತ್ತು ಮಂಜಿನೊಳಗಿಂದ ಮೊದಲು ಕ್ಯಾನುಗಳ ಸದ್ದು ಬರುತ್ತಿತ್ತು, ಆಮೇಲೆ ಟಾರ್ಚಿನ ಬೆಳಕು, ಕೊನೆಗೆ ಮನುಷ್ಯರು. ಎಲ್ಲರೂ ಅರ್ಧ ನಿದ್ದೆಯಲ್ಲೇ ಸಾಲು ನಿಲ್ಲುತ್ತಿದ್ದರು. ಹಾಲು ಅಳೆಯುತ್ತಿದ್ದವರು ಸುಳ್ಯ ಕಡೆಯಿಂದ ಬಂದು ನೆಲೆಸಿದ ಕುಶಾಲಪ್ಪ ಗೌಡರು. ಅವರದ್ದು ನಿಧಾನದ ಕೈ. ಒಂದು ಲೀಟರು ಅಳೆಯುವುದರೊಳಗೆ ಎದುರಿನವರ ದನ, ಕರು, ಹುಲ್ಲು, ಎಲ್ಲದರ ಸುದ್ದಿಯೂ ಆಗಬೇಕು.

ಹೀಗಿರುವಾಗ ಹಾಲು ಪರೀಕ್ಷಿಸುವ ಯಂತ್ರ ಬಂತು. ಹಾಲು ತೆಳುವಾದರೆ ಕೆಂಪು ಅಂಕೆ ಇಡೀ ಸಾಲಿಗೆ ಕಾಣುವ ಹಾಗೆ ಹೊಳೆಯುತ್ತಿತ್ತು. ಜನ ನಾಚಿದರು, ಜಗಳಾಡಿದರು, ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಹೀಗೇ ಆದರೆ ಸೊಸೈಟಿ ಮುಚ್ಚಿ ದೂರದ ಇನ್ನೊಂದಕ್ಕೆ ಸೇರಿಸುತ್ತೇವೆ ಎಂದು ಮೇಲಿನಿಂದ ಪತ್ರ ಬಂತು. ಸರಿಪಡಿಸಲಿಕ್ಕೆಂದು ಹೊಸ ಕಾರ್ಯದರ್ಶಿ ಬಂದರು: ನೆಲ್ಯಾಡಿಯ ಆನ್ಸಿ ಎಂಬ ಹೆಂಗಸು. ಮನೆಯಲ್ಲಿ ಮಲಯಾಳ, ನಮ್ಮೊಡನೆ ತುಳು, ಕಾಗದದಲ್ಲಿ ಕನ್ನಡ.

ನನ್ನ ಒಂದು ಗುಣ ಇಲ್ಲಿ ಹೇಳಿಬಿಡಬೇಕು. ನನಗೆ ತಪ್ಪು ಬೇಗ ಕಾಣುತ್ತದೆ. "ನಿಮಗೆ ಪಾಯಸದಲ್ಲಿ ಮೊದಲು ಕಾಣುದೇ ಏಲಕ್ಕಿ ಸಿಪ್ಪೆ" ಎಂದು ಮನೆಯವಳು ಹೇಳುವುದುಂಟು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ. ಹಾಗಾಗಿ ಆನ್ಸಿ ಬಂದ ದಿನವೇ, ಕೇಳದಿದ್ದರೂ, ಎರಡು ಪುಟದ ಪಟ್ಟಿಯೊಂದನ್ನು ಕೊಟ್ಟೆ. ಯಾರಲ್ಲಿ ಏನು ದೋಷ, ಯಾರನ್ನು ತೆಗೆಯಬೇಕು ಎಂದು. ಮೊದಲ ಹೆಸರು ಕುಶಾಲಪ್ಪ ಗೌಡರದ್ದು: ನಿಧಾನ, ಯಂತ್ರವೆಂದರೆ ಹೆದರಿಕೆ, ಮಾತು ಹೆಚ್ಚು.

ಆನ್ಸಿ ಅದನ್ನು ಓದಿ ಮಡಚಿ ಡ್ರಾವರಿನಲ್ಲಿಟ್ಟರು. ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ, ಪಕ್ಕದವರು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ, ನಾವು ಅಲ್ಲಿಂದ ಶುರು ಮಾಡುವ ಎಂದರು. ಇದೆಂತ ಮಕ್ಕಳಾಟ ಎಂದು ನನಗೆ ನಗು ಬಂತು. ಹೊರಗೆ ಬಿಸಿಲಿಗೆ ಕವುಚಿಟ್ಟ ಕ್ಯಾನುಗಳು ಒಣಗುತ್ತಿದ್ದವು.

ಕೊನೆಗೆ ಕ್ಯಾನು ತೊಳೆಯುವ ಕಮಲಕ್ಕ ಬಾಯಿ ತೆರೆದರು. ಅವರೂ ಹಾಲು ಹಾಕುವವರೇ; ಯಂತ್ರ ಬರುವ ಮೊದಲು ಒಮ್ಮೆ ಅವರ ಹಾಲು ತೆಳುವೆಂದು ವಾಪಸಾಗಿತ್ತಂತೆ. ಗೌಡರು ಅದನ್ನು ಸಾಲಿನಲ್ಲಿ ಹೇಳಲಿಲ್ಲ. ದನಕ್ಕೆ ಎಂತ ಹಾಕ್ತೀರಿ ಎಂದು ಕೇಳುತ್ತಾ, ಕ್ಯಾನು ತಾವೇ ಹಿಡಿದುಕೊಂಡು, ರಸ್ತೆಯ ತಿರುವಿನವರೆಗೆ ನಡೆದರು. ಅಲ್ಲಿ ಮೆಲ್ಲ ಹೇಳಿದರು.

"ಆವತ್ತು ಎಲ್ಲರೆದುರು ಹೇಳಿದ್ದರೆ ನಾನು ದನವನ್ನೇ ಮಾರ್ತಿದ್ದೆ" ಎಂದರು ಕಮಲಕ್ಕ.

ಗೌಡರು ತಲೆ ತಗ್ಗಿಸಿ ಕೂತಿದ್ದರು. ಅವರ ಸರದಿ ಬಂದಾಗ ನನ್ನ ಕಡೆ ತಿರುಗಿದರು. ಪಟ್ಟಿಯ ಸಂಗತಿ ಇವರಿಗೆ ತಿಳಿದಿರಬಹುದೇ?

"ಇವರು ಒಬ್ಬರ ಹೆಸರನ್ನೂ ತಪ್ಪು ಬರೆದದ್ದಿಲ್ಲ" ಎಂದರು. "ಯಾವ ಭಾಷೆಯವರದ್ದಾದ್ರೂ ಎರಡು ಸಲ ಕೇಳಿಯೇ ಬರೆಯುದು. ನನ್ನ ಹೆಸರು ಸರಿ ಇರುದು ಇವರ ಪುಸ್ತಕದಲ್ಲಿ ಮಾತ್ರ."

ನಿಜ. ಆ ಪಟ್ಟಿಯಲ್ಲೂ ಅವರ ಹೆಸರನ್ನು ತಪ್ಪಿಲ್ಲದೆಯೇ ಬರೆದಿದ್ದೆ. ನಾನು ತಲೆಯೆತ್ತಲಿಲ್ಲ. ಆನ್ಸಿಯವರೂ ನನ್ನತ್ತ ನೋಡಲಿಲ್ಲ. ಆ ಉಪಕಾರವನ್ನು ಇಂದಿಗೂ ಮರೆತಿಲ್ಲ.

ಮರುದಿನ ಆನ್ಸಿ ಯಂತ್ರದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು. ಅಂಕೆ ಓದುವ ಕೆಲಸ ಗೌಡರದ್ದಾಯಿತು, ಒಬ್ಬೊಬ್ಬರಿಗೇ ತಗ್ಗಿದ ದನಿಯಲ್ಲಿ ಹೇಳುವುದೂ ಅವರದ್ದೇ. ಗುಂಡಿ ಒತ್ತಲು ಅವರಿಗೆ ಕಲಿಸಿದವಳು ಕಮಲಕ್ಕನ ಮಗಳು. ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದು ನಾನು. ಮಳೆಗಾಲ ಮುಗಿಯುವಾಗ ಬಿಟ್ಟುಹೋದವರಲ್ಲಿ ಹೆಚ್ಚಿನವರು ಮಂಜಿನೊಳಗಿಂದ ಮತ್ತೆ ಬಂದು ನಿಂತರು. ಎರಡು ಮನೆಯವರು ಬರಲೇ ಇಲ್ಲ. ಆದರೂ ಸೊಸೈಟಿ ಮುಚ್ಚದೆ ಉಳಿಯಿತು. ಒಂದು ದಿನ ಡ್ರಾವರಿನಲ್ಲಿ ನನ್ನ ಪಟ್ಟಿ ಹುಡುಕಿದೆ. ಅದು ಅಲ್ಲಿರಲಿಲ್ಲ. ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ನಾನು ನಿವೃತ್ತ. ಹೋದ ವಾರ ಕಡಬದ ಆಚೆಯ ಒಂದು ಹಾಲಿನ ಸಂಘದವರು ಅನುಭವಸ್ಥನೆಂದು ನನ್ನನ್ನು ಕರೆಸಿದ್ದರು. ಎಳೆಯ ಮ್ಯಾನೇಜರು ಕಾಗದ, ಪೆನ್ನು ಮುಂದಿಟ್ಟು, ಇಲ್ಲಿ ಏನೆಲ್ಲ ಕೆಟ್ಟಿದೆ ಬರೆಯಿರಿ ಸಾರ್, ಮೊದಲು ಹಾಲಿನ ಗಾಡಿಯ ಆ ಡ್ರೈವರನ್ನು ತೆಗೆಯಬೇಕು ಎಂದರು. ಕೋಣೆಗೆ ಕಾಲಿಟ್ಟ ಗಳಿಗೆಯಲ್ಲೇ ನನಗೆ ನಾಲ್ಕು ತಪ್ಪು ಕಂಡಿದ್ದವು, ಸುಳ್ಳು ಹೇಳುವುದಿಲ್ಲ. ಆದರೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಡ್ರೈವರನ್ನು ಕರೆಯಿರಿ ಎಂದೆ.

ಆತ ಬಂದು ಬಾಗಿಲಲ್ಲೇ ನಿಂತ. ಕೂರಿಸಿದೆ.

"ಈ ವಾರ ನಿಮ್ಮ ಕೈಯಲ್ಲಿ ಚಂದ ಆದ ಒಂದು ಕೆಲಸ ಹೇಳಿ" ಎಂದೆ.

ಆತ ನನ್ನನ್ನು ನೋಡಿದ, ಮ್ಯಾನೇಜರನ್ನು ನೋಡಿದ, ಕಿಟಕಿಯಾಚೆ ನೋಡಿದ. ಅಷ್ಟರಲ್ಲಿ ನನ್ನ ನಾಲ್ಕು ಗಂಟೆಯ ಬಸ್ಸು ಹಾರ್ನು ಹಾಕಿ ಹೊರಟುಹೋಯಿತು. ಹೋಗಲಿ ಎಂದುಕೊಂಡು ಕುರ್ಚಿಯನ್ನು ಸ್ವಲ್ಪ ಆತನ ಹತ್ತಿರಕ್ಕೆ ಎಳೆದುಕೊಂಡೆ.